ಕೈಮರದ ಹೋಲ್ಡಾನ್

“ಹೋಲ್ಡ್ ಅಂದ್ರೆ ಹಿಡಿಯೋದು ಕಣೋ, ನಿಲ್ಸೋದಲ್ಲ,” ಎಂದರು ಗಣೇಶಮೂರ್ತಿ ಮೇಷ್ಟ್ರು. ಹಿಂದಿನ ಬಾಗಿಲಲ್ಲಿ ಕಂಡಕ್ಟರ್ ವಾಸಪ್ಪ “ಹೋಲ್ಡಾನ್” ಎಂದು ಕೂಗಿ ಬಸ್ಸು ನಿಲ್ಲಿಸಿದಾಗಲೆಲ್ಲ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಆ ಬಸ್ಸಿನಲ್ಲಿ ಮುಂದಿನ ಸೀಟು ಮೇಷ್ಟ್ರದೇ. ಪಾಠ ಕೇಳುವ ಕರ್ಮ ಡ್ರೈವರ್ ಮಾಸ್ತಪ್ಪನದು.

“ಕೋಲು ಹಿಡಿಯೋದೂ ಹೋಲ್ಡೇ, ಸಭೆ ನಡೆಸೋದೂ ಹೋಲ್ಡೇ. ಉಸಿರು ಬಿಗಿಹಿಡಿಯೋದು, ನಾಲಿಗೆ ಹಿಡೀತದಲ್ಲಿ ಇಡೋದು, ಮನಸ್ಸಲ್ಲಿ ಹಗೆ ಇಟ್ಕೊಳೋದು, ಎಲ್ಲಾ ಅದೇ.”

“ಕೈ ಹಿಡಿಯೋದು?” ಎಂದ ಮಾಸ್ತಪ್ಪ.

“ಅದೂ ಹೋಲ್ಡೇ. ಆದ್ರೆ ಇಂಗ್ಲಿಷರಲ್ಲಿ ಕೈ ಹಿಡಿದ ಮಾತ್ರಕ್ಕೆ ಮದುವೆ ಅಂತಲ್ಲ.”

ಮುಂದೆ ಹುಂಚಕ್ಕೆ ದಾರಿ ತೋರುವ ಕೈಮರ. ತೀರ್ಥಹಳ್ಳಿಯಲ್ಲಿ ಹೊಲಿಗೆ ಕಲಿಸುವ ಸರೋಜ ದಿನಾ ಹತ್ತುವುದು ಅಲ್ಲೇ. ಅವಳನ್ನು ಮದುವೆಗೆ ಕೇಳಬೇಕೆಂದು ದೀಪಾವಳಿಯಿಂದ ಮಾಸ್ತಪ್ಪ ಅಂದುಕೊಳ್ಳುತ್ತಿದ್ದ. ಕೇಳುವುದು ಹೇಗೆ? ಅವನ ಎರಡೂ ಕೈ ಸ್ಟೇರಿಂಗಿನ ಮೇಲೆ, ಮುಖ ರಸ್ತೆಯ ಕಡೆಗೆ. ವಾಸಪ್ಪನ ಹಣೆಬರಹವೇ ಬೇರೆ. ಮೆಟ್ಟಿಲು ಎತ್ತರವೆಂದು ಅವಳಿಗೆ ಕೈ ಕೊಟ್ಟು ಹತ್ತಿಸುತ್ತಾನೆ, ಚೀಲ ಇಸಿದುಕೊಳ್ಳುತ್ತಾನೆ, ಚೀಟಿ ಹರಿಯುವ ನೆಪದಲ್ಲಿ ನಗಿಸುತ್ತಾನೆ. ಮುದುಕಿಯರು ಹತ್ತುವಾಗ ಮಾತ್ರ ಆ ಮೆಟ್ಟಿಲು ಎತ್ತರವೆಂದು ಅವನಿಗೆ ಯಾವತ್ತೂ ಹೊಳೆದದ್ದಿಲ್ಲ. ಅವಳ ನಗು ಕೇಳಿಸಿದಾಗಲೆಲ್ಲ ಮಾಸ್ತಪ್ಪನಿಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಕೈಮರ ಕಂಡಿತು. ಸರೋಜ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ವಾಸಪ್ಪ ಆಗಲೇ ಕ್ರಾಪು ತೀಡಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಹೋಲ್ಡಾನ್.”

ಮಾಸ್ತಪ್ಪ ನಿಲ್ಲಿಸಲಿಲ್ಲ. ಒಂದು ದಿನವಾದರೂ ಅವಳ ಕೈ ವಾಸಪ್ಪನ ಕೈಗೆ ಸಿಗದಿರಲಿ ಎನ್ನುವುದಷ್ಟೇ ಅವನ ತಲೆಯಲ್ಲಿತ್ತು.

“ಹೋಲ್ಡಾನ್ ಅಂದ್ನಲ್ಲ, ಕಿವಿ ಕೇಳಲ್ವಾ?” ವಾಸಪ್ಪ ಬಸ್ಸಿನ ತಗಡು ಬಡಿದ.

“ಹೋಲ್ಡ್ ಅಂದ್ರೆ ನಿಲ್ಸೋದಲ್ವಂತೆ. ಮೇಷ್ಟ್ರನ್ನ ಕೇಳು.”

ಕೈಮರ ದಾಟಿದರೆ ಒಂದು ಮೈಲಿ ಏರು. ತುಂಬಿದ ಬಸ್ಸು ಮೊದಲನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತತೊಡಗಿತು. ನಡುವೆ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆಂದು ನೆತ್ತಿ ಮುಟ್ಟುವ ತನಕ ಅಲ್ಲಿ ಯಾವ ಡ್ರೈವರೂ ಬ್ರೇಕಿನ ಮೇಲೆ ಕಾಲಿಡುವುದಿಲ್ಲ. ಹಿಂದಿನಿಂದ ವಾಸಪ್ಪನ ದನಿಯೂ ಅಡಗಿತು. ಮಾಸ್ತಪ್ಪನಿಗೆ ಎದೆ ಹಗುರಾಯಿತು. ಅವನ ಸೋತ ಮುಖವನ್ನೊಮ್ಮೆ ನೋಡೋಣವೆಂದು ಕನ್ನಡಿಯತ್ತ ಕಣ್ಣೆತ್ತಿದ.

ಬಾಗಿಲಲ್ಲಿ ವಾಸಪ್ಪ ಇರಲಿಲ್ಲ. ಆಮೆಯಂತೆ ತೆವಳುತ್ತಿದ್ದ ಬಸ್ಸಿನಿಂದ ಇಳಿಯುವುದೇನು ಕಷ್ಟ? ಟಿಕೆಟ್ ಚೀಲ ಒತ್ತಿ ಹಿಡಿದುಕೊಂಡು ಅವನು ಹಿಂದೆ ರಸ್ತೆಯಲ್ಲಿ ಕೈಮರದ ಕಡೆ ಓಡುತ್ತಿದ್ದ. ಆಮೇಲೆ ಇಬ್ಬರೂ ತಿರುಗಿ ಏರು ಹತ್ತತೊಡಗಿದರು. ಅವಳ ಚೀಲ ಅವನ ಹೆಗಲಿಗೆ ಬಂದಿತ್ತು. ಇಬ್ಬರಲ್ಲಿ ಯಾರಿಗೂ ಅವಸರ ಇದ್ದಂತೆ ಕಾಣಲಿಲ್ಲ.

“ಕಂಡಕ್ಟ್ರು ಎಲ್ಲೋ?” ಎಂದರು ಮೇಷ್ಟ್ರು.

ಮಾಸ್ತಪ್ಪ ಮತ್ತೊಮ್ಮೆ ಕನ್ನಡಿ ನೋಡಿದ. ಹಿಂದಿನಿಂದ ಯಾರಾದರೂ ಒಮ್ಮೆ ಹೋಲ್ಡಾನ್ ಅನ್ನಲಿ ಎಂದು ಕಾದ. ಅನ್ನಬೇಕಾದವನು ಕೆಳಗೆ ರಸ್ತೆಯಲ್ಲಿ ಅವಳನ್ನು ನಗಿಸುತ್ತ ಬರುತ್ತಿದ್ದ.