ಜೀನಿಯಸ್ಸಿಗೆ ರಜೆ

ಮುದ್ರಣಯಂತ್ರ ಕೆಮ್ಮಿ ನಿಂತಾಗ ಮೇಸ್ತ್ರಿಯ ಒಂದು ಕಾಲು ಆಗಲೇ ಹೊಸ್ತಿಲಾಚೆ ಇತ್ತು. ಆಸ್ಪತ್ರೆಯಲ್ಲಿ ಮಗಳನ್ನು ಹೆರಿಗೆ ಕೋಣೆಗೆ ಒಯ್ದಿದ್ದರು. “ಜೀನಿಯಸ್ಸೇ, ಇದನ್ನು ಸರಿಮಾಡದೆ ಎಲ್ಲಿಗಯ್ಯಾ ಹೊರಟೆ?” ಎಂದು ಮಾಲೀಕ ಬಾಗಿಲಿಗೆ ಅಡ್ಡ ನಿಂತ.

ಆ ಬಿರುದಿಗೆ ಉಬ್ಬಿಹೋಗಿ ಮೇಸ್ತ್ರಿ ಹದಿನೈದು ವರ್ಷ ಯಂತ್ರದ ಮರ್ಮವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. “ಅಪ್ಪಾ, ಹಿಂದೆ ರೋಮನ್ನರಲ್ಲಿ ಜೀನಿಯಸ್ ಅಂದ್ರೆ ಮನುಷ್ಯನ ಜೊತೆಗೇ ಹುಟ್ಟೋ ಕಾವಲು ದೈವವಂತೆ. ಎಲ್ಲರಿಗೂ ಒಂದಿರುತ್ತಂತೆ” ಎಂದು ಮಗಳು ಓದಿ ಹೇಳಿದಾಗ ನಕ್ಕುಬಿಟ್ಟಿದ್ದ.

ಈಗ ಕೈಕೆಳಗೆ ದುಡಿಯುವ ಭಾಮೈದನತ್ತ ಸ್ಪ್ಯಾನರ್ ಚಾಚಿದ. “ಬಾರೋ, ಹೇಳಿಕೊಡ್ತೀನಿ. ಇವತ್ತು ನೀನೇ ಬಿಚ್ಚು.”

ಇಷ್ಟು ವರ್ಷ “ಮುಟ್ಟಬೇಡ ಕತ್ತೆ” ಎಂದು ಬೈಸಿಕೊಂಡವನು ಹಿಂದಕ್ಕೆ ಸರಿದ. “ನನ್ನ ತಲೆಗೆಲ್ಲಿ ಹತ್ತುತ್ತೆ ಭಾವ? ಜೀನಿಯಸ್ಸು ನೀವು” ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.