ಗುಂಡನ ತೂಕ

"ಇವನನ್ನ ಒಂದ್ಸಲ ತೂಕದ ಮಿಷನ್ ಮೇಲೆ ನಿಲ್ಸಿ ನೋಡೋಣ," ಎಂದಳು ದನದ ಆಸ್ಪತ್ರೆಯ ಡಾಕ್ಟರ್ ಧನ್ಯಶ್ರೀ. ಹೊಸನಗರದ ಬಸ್ ಸ್ಟ್ಯಾಂಡ್ ಹಿಂದಿನ ಆ ಹಿಟ್ಟಿನ ಗಿರಣಿಯಲ್ಲಿ ತೂಕದ ಮಿಷನ್ನಿಗೇನು ಬರ? ಗಿರಣಿಯ ಮಂಜಯ್ಯ ಯಾರದೋ ಅಕ್ಕಿ ಚೀಲ ಕೆಳಗಿಳಿಸಿ, ಹನ್ನೆರಡು ವರ್ಷದ ತನ್ನ ಮುಧೋಳ ನಾಯಿ ಗುಂಡನನ್ನು ಎತ್ತಿ ಅದರ ಮೇಲೆ ನಿಲ್ಲಿಸಿದ. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ಹದಿನಾಲ್ಕೂವರೆ ಕೇಜಿಗೆ ನಿಂತವು.

"ಇಪ್ಪತ್ತೆರಡಾದ್ರೂ ಇರ್ಬೇಕಿತ್ತು. ಯಾವಾಗಿಂದ ಇಳೀತಾ ಬಂದ?"

"ಅದರ ಜಾತಿನೇ ಹಾಗೆ ಡಾಕ್ಟ್ರೇ," ಎಂದುಬಿಟ್ಟಳು ಮಂಜಯ್ಯನ ಹೆಂಡತಿ ವರದಮ್ಮ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ಮಿಷನ್ನಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು.

ಪಾಪ, ಆ ಮಾತು ಅವಳ ಬಾಯಿಗೆ ಅಂಟಿ ಹನ್ನೆರಡು ವರ್ಷವಾಗಿತ್ತು. ಮಂಜಯ್ಯ ಬಾಗಲಕೋಟೆ ಕಡೆಯಿಂದ ಅಣ್ಣ ತಂಗಿ ಎರಡು ಮರಿ ತಂದು, ಮುಂದಾದರೂ ದುಂಡಗಾಗಲಿ ಎಂದು ಗಂಡಿಗೆ ಗುಂಡ ಎಂದು ಹೆಸರಿಟ್ಟಿದ್ದ. ಹೆಣ್ಣು ಬೆಳ್ಳಿ. ಎಲ್ಲಿಯ ದುಂಡು! ಮುಧೋಳ ನಾಯಿ ಹುಟ್ಟಿದ್ದೇ ಓಡುವುದಕ್ಕೆ. ಅನ್ನ, ಮೊಟ್ಟೆ, ಬಾಡು ಎಷ್ಟು ಹಾಕಿದರೂ ಪಕ್ಕೆಲುಬು ಎಣಿಸಬಹುದು. ಹಿಟ್ಟು ಮಾಡಿಸಲು ಬಂದು ಕಾಯುವವರಿಗೆ ಬೇರೇನು ಕೆಲಸ? ಅದರಲ್ಲೂ ರವೀಶ್ ಮೇಷ್ಟ್ರು ಚೀಲ ಕೆಳಗಿಡುವ ಮೊದಲೇ, "ವರದಕ್ಕಾ, ಊರಿಗೆಲ್ಲ ಹಿಟ್ಟು ಮಾಡ್ಕೊಡ್ತೀರಿ, ನಾಯಿ ಹೊಟ್ಟೆಗೆ ಏನೂ ಹಾಕಲ್ವಾ?" ಎನ್ನುವರು. "ಅದರ ಜಾತಿನೇ ಹಾಗೆ ಮೇಷ್ಟ್ರೇ. ನಿಮ್ಮ ಹೊಟ್ಟೆ ನೋಡ್ಕೊಂಡು ನಾಯಿ ಹೊಟ್ಟೆ ಅಳೀಬೇಡಿ!" ಎಂದು ವರದಮ್ಮ ಗಿರಣಿಯ ಸದ್ದಿಗಿಂತ ಜೋರಾಗಿ ಕೂಗಿ ಎಲ್ಲರನ್ನೂ ನಗಿಸುತ್ತಿದ್ದಳು. ಇತ್ತೀಚೆಗೆ ಮೇಷ್ಟ್ರು ಎರಡು ಸಲ, "ಗುಂಡ ಇನ್ನೂ ಸೊರಗಿದ ಹಂಗೆ ಕಾಣ್ತಾನಲ್ಲ" ಎಂದಾಗಲೂ ಅದೇ ಉತ್ತರ ಕೊಟ್ಟಿದ್ದಳು.

"ಕಿಡ್ನಿ ಎರಡೂ ಹೋಗಿದೆ ಅಮ್ಮ. ಮೊನ್ನೆ ತಗೊಂಡ ರಕ್ತದ ರಿಪೋರ್ಟೂ ಅದನ್ನೇ ಹೇಳ್ತಿದೆ. ಇನ್ನು ನರಳಿಸೋದು ಬೇಡ. ಗುರುವಾರ ಬಂದು ಇಂಜೆಕ್ಷನ್ ಕೊಟ್ಟು ನೋವಿಲ್ದೆ ಕಳಿಸಿಕೊಡ್ತೀನಿ," ಎಂದಳು ಧನ್ಯಶ್ರೀ.

"ಮುಂಚೆನೇ ಗೊತ್ತಾಗಿದ್ರೆ?"

"ಕೆಲವು ತಿಂಗಳು ಜಾಸ್ತಿ ಇರ್ತಿದ್ದ, ಅಷ್ಟೇ."

ಅಷ್ಟೇ ಎನ್ನುವುದು ಡಾಕ್ಟರಿಗೆ. ವರದಮ್ಮನಿಗೆ ಆ ಕೆಲವು ತಿಂಗಳೇ ಎದೆಗೆ ಚುಚ್ಚಿತು. ಊರವರ ರಾಗಿಯನ್ನು ನೂರು ಗ್ರಾಂ ಆಚೀಚೆಯಾಗದಂತೆ ತೂಗುವವಳು, ಕಾಲಬುಡದಲ್ಲೇ ಮಲಗುತ್ತಿದ್ದವನನ್ನು ಒಂದು ದಿನವೂ ತೂಗಿರಲಿಲ್ಲ. "ನಾನು ನೋಡ್ಲೇ ಇಲ್ವಲ್ರೀ," ಎಂದು ಅತ್ತಳು.

"ನಾನಾದ್ರೂ ಎಂಥ ನೋಡಿದ್ದೆ ಮಾರಾಯ್ತಿ? ನಿನ್ನ ಮಾತಿಗೆ ನಗ್ತಾ ಕೂತಿದ್ದೆ," ಎಂದ ಮಂಜಯ್ಯ.

ಗುರುವಾರ ಮೆಣಸಿನಪುಡಿ ಮಾಡುವ ದಿನ. ಆ ದಿನ ನಾಯಿಗಳೆರಡೂ ಸೀನುತ್ತಾ ರಸ್ತೆ ದಾಟಿ ಎದುರಿನ ಅಂಗಡಿ ಜಗುಲಿಗೆ ಹೋಗಿಬಿಡುತ್ತಿದ್ದವು. ಈ ಗುರುವಾರ ವರದಮ್ಮ ಮೆಣಸಿನ ಮಿಷನ್ನಿಗೆ ಗೋಣಿ ಹೊದಿಸಿದಳು. ನಿಟ್ಟೂರಿನಿಂದ ಬಸ್ಸಿನಲ್ಲಿ ಮೆಣಸು ಹೊತ್ತು ಬಂದ ಹೆಂಗಸೊಬ್ಬಳು, "ಎಂಥಕ್ಕೆ ಮಾಡಲ್ಲ ಇವತ್ತು?" ಎಂದು ರೇಗಿದಳು. "ನಮ್ಮ ಗುಂಡ ಇವತ್ತು ಹೊರಡ್ತಾನೆ. ಅವನ ಜಾಗದಲ್ಲೇ ಮಲಗಿರ್ಲಿ. ಚೀಲ ಬಿಟ್ಟೋಗಿ, ನಾಳೆ ಪುಡಿ ಮಾಡಿ ಬಸ್ಸಿಗೆ ಹಾಕ್ತೀನಿ," ಎಂದಳು ವರದಮ್ಮ. ಹೆಂಗಸು ಚೀಲ ಮೂಲೆಗಿಟ್ಟು, ಗುಂಡನ ತಲೆ ಸವರಿ ಹೋದಳು.

ತುಪ್ಪ ಸವರಿದ ರೊಟ್ಟಿಯನ್ನು ಗುಂಡ ಮೂಸಿ ಬಿಟ್ಟ. ಮರಿಯಾಗಿದ್ದಾಗ ಅವನಿಗೊಂದು ಚಟವಿತ್ತು: ವರದಮ್ಮನ ಕೈಗೆ ಹತ್ತಿದ ಹಿಟ್ಟು ನೆಕ್ಕುವುದು. ಬೈದು ಬೈದು ಅವಳೇ ಅದನ್ನು ಬಿಡಿಸಿದ್ದಳು. ಈಗ ಎದ್ದು ಹೋಗಿ, ಎರಡೂ ಕೈಗೆ ಅಕ್ಕಿಹಿಟ್ಟು ಬಳಿದುಕೊಂಡು ಬಂದು ಅವನ ಮೂತಿಯ ಮುಂದೆ ಹಿಡಿದಳು. "ನೆಕ್ಕೋ ನನ್ನ ರಾಜ. ಇವತ್ತು ಯಾರೂ ಬೈಯಲ್ಲ." ಗುಂಡ ನಡುನಡುವೆ ಸುಧಾರಿಸಿಕೊಳ್ಳುತ್ತಾ ಒಂದು ಕೈ ಪೂರ್ತಿ ನೆಕ್ಕಿದ. ಇನ್ನೊಂದು ಅರ್ಧವಾಗುವಾಗ ಅದರ ಮೇಲೇ ತಲೆ ಇಟ್ಟ. ಧನ್ಯಶ್ರೀ ಅಲ್ಲಿಯವರೆಗೂ ಸಿರಿಂಜು ಹಿಡಿದು ಕಾದಿದ್ದಳು. ಸಂಜೆ ಗಿರಣಿಯ ಹಿಂದೆ ಮಣ್ಣು ಮಾಡಿದರು. ಬೆಳ್ಳಿ ಎರಡು ದಿನ ಅಲ್ಲಿಂದ ಏಳಲಿಲ್ಲ.

ಹದಿನೈದು ದಿನದ ಮೇಲೆ ರವೀಶ್ ಮೇಷ್ಟ್ರು ಬಂದರು. ತೀರ್ಥಹಳ್ಳಿಯಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರಿಗೆ ವಿಷಯ ಗೊತ್ತಿರಲಿಲ್ಲ. ಅಕ್ಕಿ ಚೀಲವನ್ನು ತೂಕದ ಮಿಷನ್ ಮೇಲಿಡುತ್ತಾ, ಬೆಳ್ಳಿಯನ್ನು ನೋಡಿ, "ವರದಕ್ಕಾ, ನಾಯಿ ಹೊಟ್ಟೆಗೆ ಏನೂ ಹಾಕಲ್ವಾ?" ಎಂದುಬಿಟ್ಟರು. ಕಾಯುತ್ತಿದ್ದವರು ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರು. ಮಂಜಯ್ಯ ಗಾಬರಿಯಾಗಿ ಗಿರಣಿಯನ್ನೇ ನಿಲ್ಲಿಸಿದ.

ವರದಮ್ಮ ಕೂಗಲಿಲ್ಲ. ಮೇಷ್ಟ್ರ ಚೀಲ ಕೆಳಗಿಳಿಸಿ, ಬೆಳ್ಳಿಯನ್ನು ಎತ್ತಿ ಅದರ ಜಾಗದಲ್ಲಿ ನಿಲ್ಲಿಸಿದಳು. ಹತ್ತೊಂಬತ್ತೂಮುಕ್ಕಾಲು. ಗೋಡೆಯಲ್ಲಿದ್ದ ಹಿಂದಿನ ವಾರದ ಅಂಕಿಯ ಕೆಳಗೆ ಅದನ್ನು ಸೀಮೆಸುಣ್ಣದಲ್ಲಿ ಬರೆದು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಕೇಳಿದ್ರಲ್ಲ, ನಿಮಗೆ ಪುಣ್ಯ ಬರ್ಲಿ. ಬಂದಾಗೆಲ್ಲ ಕೇಳಿ ಮೇಷ್ಟ್ರೇ. ನಾನು ಬೈದ್ರೂ ಬಿಡ್ಬೇಡಿ."