ನಿಲ್ಲಿಸುವ ಗುಂಡಿ

“ಯಂತ್ರ ನಿಲ್ಲಿಸಮ್ಮಾ, ಅಲಗಿಗೆ ಏನೋ ಸಿಕ್ಕಾಕ್ಕೊಂಡಿದೆ,” ಎಂದರು ಸಾಬೂನು ಕಾರ್ಖಾನೆಯ ಹಿರಿಯ ಮೇಸ್ತ್ರಿ. ಪ್ರೋಗ್ರಾಮರ್ ಪರದೆಯ ಮೇಲಿನ ‘ನಿಲ್ಲಿಸು’ ಗುಂಡಿ ಒತ್ತಿದಳು. ಹೊರಗೆ ಕಲಸುವ ಯಂತ್ರ ಸುಮ್ಮನಾಯಿತು.

“ನಿನ್ನ ಮಾತಾದ್ರೂ ಕೇಳತ್ತಲ್ಲ! ನನ್ನ ಮಾತನ್ನ ಮನೇಲಿ ಬೆಕ್ಕೂ ಕೇಳಲ್ಲ.” ಮೇಸ್ತ್ರಿ ನಗುತ್ತಾ, ಅವಳಿಗೆ ಚಳಿಯಾಗದಿರಲೆಂದು ಗಾಜಿನ ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿ, ಅಂಗಿಯ ತೋಳು ಮಡಚಿಕೊಳ್ಳುತ್ತಾ ಯಂತ್ರದ ತೊಟ್ಟಿಯತ್ತ ಹೋದರು.

ಪರದೆಯ ಮೂಲೆಯಲ್ಲಿ ‘ವಿರಾಮ; ಮುಂದಿನ ಸುತ್ತು ಸಿದ್ಧ’ ಎಂದಿತ್ತು. ಯಂತ್ರ ಎರಡು ಸುತ್ತುಗಳ ನಡುವೆ ತಾನಾಗಿಯೇ ನಿಂತಿತ್ತು; ತಾನಾಗಿಯೇ ಮತ್ತೆ ಶುರುವಾಗಲಿತ್ತು. ಬೆಳಿಗ್ಗೆ ಗುಂಡಿಗಳ ಆಜ್ಞೆಗಳನ್ನೆಲ್ಲ ಪರದೆಯ ಕೋಡ್‌ನಿಂದ ತೆಗೆದು ಪ್ರೋಗ್ರಾಮಿನ ಬೇರೊಂದು ಭಾಗಕ್ಕೆ ಸಾಗಿಸಿದವಳು ‘ಶುರು’ ಗುಂಡಿಯನ್ನು ಅದಕ್ಕೆ ಜೋಡಿಸಿ, ‘ನಿಲ್ಲಿಸು’ ಗುಂಡಿಯನ್ನು ಮರೆತಿದ್ದಳು. ಜೋಡಣೆಯಿಲ್ಲದ ಗುಂಡಿ ದೂರು ಹೇಳುವುದಿಲ್ಲ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ.

ಅವಳು ಎರಡೂ ಕೈಗಳಿಂದ ಗಾಜನ್ನು ಬಡಿದಳು. ಮೇಸ್ತ್ರಿ ತಲೆಯೆತ್ತಿ, ಅಕ್ಕರೆಯಿಂದ ಒಂದು ಕೈ ಬೀಸಿದರು. ಇನ್ನೊಂದು ಕೈ ಮೊಣಕೈವರೆಗೂ ತೊಟ್ಟಿಯೊಳಗಿತ್ತು.